ದಾಸವಾಳದ ಮೊಗ್ಗು ಅರಳದೆ ಉದುರುತ್ತಿದೆ, ಏನು ಮಾಡಲಿ?

ಕುಂಡದಲ್ಲಿ ಕಸಿ ದಾಸವಾಳ ಇಟ್ಟು ಒಂದು ವರ್ಷ ಆಯಿತು. ಎಸಳು ಜಾಸ್ತಿ ಇರುವ ಜಾತಿ. ಮೊಗ್ಗು ಕಡಲೆಕಾಳಿನಷ್ಟಾಗಿ ಹಳದಿಯಾಗಿ ಬೀಳುತ್ತದೆ. ಕತ್ತರಿಸಲಾ, ಬಿಡಲಾ? ಬೆಳೆಸಿದವರು ಅನುಭವ ಹೇಳಿ.

ಒಣಕಡ್ಡಿ: ನಾನು ಎಣಿಸಿದ್ದು 43 ಮೊಗ್ಗು, ಅರಳಿದ್ದು ಎರಡು. ನೀರು ಜಾಸ್ತಿ ಅಂದರು, ಕಡಿಮೆ ಮಾಡಿದೆ. ಕಡಿಮೆ ಅಂದರು, ಎರಡು ಹೊತ್ತು ಹಾಕಿದೆ. ಮೂರು ಸಲ ಕುಂಡ ಬದಲಾಯಿಸಿದೆ. ಮೂರನೇ ಸಲ ಬೇರು ಹರಿದು ಎಲೆಯೆಲ್ಲ ಉದುರಿತು. ಕೊನೆಗೆ ಸಿಟ್ಟಿನಲ್ಲಿ ಒಂದು ಮೊಗ್ಗು ಸೀಳಿದರೆ ಒಳಗೆ ನುಚ್ಚಿಗಿಂತ ಸಣ್ಣ ಹುಳ ಮಿಜಿಮಿಜಿ! ಮೊಗ್ಗಿನ ನೊಣದ ಮರಿಗಳು. ಮೊಗ್ಗು ಬಿದ್ದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತವೆ. ನಾನೋ, ಬಿದ್ದದ್ದನ್ನೆಲ್ಲ ಗೊಬ್ಬರವಾಗಲಿ ಅಂತ ಅದೇ ಕುಂಡಕ್ಕೆ ಹಾಕುತ್ತಿದ್ದೆ. ಸಾಕಿದ್ದು ನಾನೇ ಅಲ್ವಾ!

ಕತ್ತರಿ ಕೈ: ಹುಳ ಗಿಳ ಆಮೇಲೆ. ನಾನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಮನೆಯವರೆಲ್ಲ 'ಕೊಂದೇ ಬಿಟ್ಟೆ' ಅಂದರು. 10 ವಾರ ಒಂದು ಹೂವೂ ಇಲ್ಲ, ದಿನಾ ಬೈಗುಳ. ಈಗ ಬೆಳಗಾದರೆ ಆರೇಳು ಹೂವು. ಮೊಗ್ಗು ಬರುವುದು ಹೊಸ ಚಿಗುರಿನಲ್ಲೇ. ಬೈದವರೇ ಈಗ ಕೊಯ್ಯುತ್ತಾರೆ.

ಮಂಜಿನ ಮೂಲೆ: ಇಂಥದ್ದೇ ಮಾತು ನಂಬಿ ನಾನು ಚಳಿಗಾಲದ ಬಾಗಿಲಲ್ಲಿ ಕತ್ತರಿಸಿದೆ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಯಿತು. ಚಿಗುರು ಕರಕಲು. ಆರು ವರ್ಷದ ಗಿಡ. ಕತ್ತರಿ ಹಿಡಿಯುವವರು ಚಳಿಯ ಮಾತು ಯಾಕೆ ಹೇಳುವುದಿಲ್ಲ?

ಕತ್ತರಿ ಕೈ: ಚಳಿಯಲ್ಲಿ ಕತ್ತರಿಸಿ ಅಂತ ನಾನೆಲ್ಲಿ ಹೇಳಿದೆ? ಓದಿ ಮಾತಾಡಿ.

ಮಂಜಿನ ಮೂಲೆ: ಬೇಡ ಅಂತಲೂ ಹೇಳಲಿಲ್ಲ.

ಬಿಳಿಹಿಟ್ಟು: ಜಗಳ ಸಾಕು. ನನ್ನ ಗಿಡಕ್ಕೆ ಹಿಟ್ಟು ತಿಗಣೆ, ಅಂದರೆ ಬಿಳಿ ಹಿಟ್ಟಿನ ಹಾಗೆ ಅಂಟಿ ರಸ ಹೀರುವ ಹುಳ, ಹತ್ತಿತ್ತು. ಬೇವಿನ ಎಣ್ಣೆ ಸಿಂಪಡಿಸಿದೆ, ಅದೂ ನಡು ಮಧ್ಯಾಹ್ನ. ಎಲೆ ಸುಟ್ಟವು, ತಿಗಣೆ ಆರಾಮಾಗಿತ್ತು. ಆಮೇಲೆ 19 ದಿನ ಸಂಜೆ ಹೊತ್ತು ಬಟ್ಟೆಯಲ್ಲಿ ಒರೆಸಿದೆ. ಒರೆಸಿದಷ್ಟೂ ಬರುತ್ತಿತ್ತು. ಇರುವೆಗಳು ಅದರ ಸಿಹಿ ಅಂಟಿಗಾಗಿ ಕಾವಲು ಕಾಯುತ್ತವೆ, ಕೊಂಬೆಯಿಂದ ಕೊಂಬೆಗೆ ಹೊರುತ್ತವೆ. ಇರುವೆ ದಾರಿ ತಪ್ಪಿಸಿದ ಮೇಲೇ ಬಿಟ್ಟಿತು.

ಒಣಕಡ್ಡಿ: ಅವರು ಕೇಳಿದ್ದು ಮೊಗ್ಗು. ತಿಗಣೆ ಪುರಾಣ ಯಾಕೆ?

ಬಿಳಿಹಿಟ್ಟು: ರಸ ಹೀರಿದರೆ ಮೊಗ್ಗು ಉಳಿಯುತ್ತಾ? ನಿಮ್ಮ ಹುಳ ಮಾತ್ರ ಹುಳವೇ?

ಒಂಟೆಸಳು: ಇದಕ್ಕೇ ನಾನು ಐದೆಸಳಿನ ಕೆಂಪು ದಾಸವಾಳ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಡ್ಡಿ ಚುಚ್ಚಿದರೆ ಬರುತ್ತದೆ. ಕಸಿ ಗಿಡ ಸುಮ್ನೆ ಶೋಕಿ.

ಕತ್ತರಿ ಕೈ: ಶೋಕಿನಾ? ನಿಮ್ಮ ಹೂವು ಸಂಜೆಗೇ ಮುದುಡುತ್ತದೆ. ನನ್ನದರಲ್ಲಿ ಕೆಲವು ಮಾರನೇ ದಿನವೂ ನಿಲ್ಲುತ್ತವೆ.

ಕೇಳಿದವರು: ನಾಲ್ಕು ಮೊಗ್ಗು ಸೀಳಿ ನೋಡಿದೆ. ಹುಳ ಇಲ್ಲ. ಕಾಂಡದ ಮೇಲೆ ಇರುವೆ ಸಾಲು ಇದೆ.

ಬಿಳಿಹಿಟ್ಟು: ನೋಡಿದಿರಾ ಒಣಕಡ್ಡಿಯವರೇ?