ಸಹಾಯ ಬೇಕು: ಆಶ್ರಯದ ಸಂದರ್ಶನಕ್ಕೆ ತಯಾರಿ ಹೇಗೆ?

ಪಕ್ಕದ ಮನೆಗೆ ಬಂದಿರುವ ನಿರಾಶ್ರಿತ ಕುಟುಂಬಕ್ಕೆ ಮುಂದಿನ ವಾರ ಆಶ್ರಯ ಕೋರಿಕೆಯ ಸಂದರ್ಶನ ಇದೆ. ತಾಯಿ ಮತ್ತು ಎಂಟು ವರ್ಷದ ಮಗ. ಹುಡುಗ ಈಗಲೂ ಶೂ ಹಾಕಿಕೊಂಡೇ ಮಲಗುತ್ತಾನೆ, ರಾತ್ರಿ ಎದ್ದು ಓಡಬೇಕಾದರೆ ಅಂತ.

1951ರ ನಿರಾಶ್ರಿತರ ಒಪ್ಪಂದ ಓದಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಯಾವುದೋ ಸಾಮಾಜಿಕ ಗುಂಪಿಗೆ ಸೇರಿದವರು ಅನ್ನುವ ಕಾರಣಕ್ಕೆ ಕಿರುಕುಳದ ಭಯ ಇರಬೇಕು, ಬರೀ ಯುದ್ಧದಿಂದ ಓಡಿ ಬಂದೆ ಅಂದರೆ ಸಾಲದೇ ಇರಬಹುದು. ಜೀವಕ್ಕೆ ಅಪಾಯ ಇರುವ ಕಡೆ ವಾಪಸ್ ಕಳಿಸಬಾರದು ಅಂತ 33ನೇ ವಿಧಿ ಹೇಳುತ್ತದೆ. ಅಷ್ಟು ಗೊತ್ತು. ತೊಂದರೆ ಬೇರೆ. ಆಕೆಗೆ ತಾರೀಖುಗಳೇ ನೆನಪಿಲ್ಲ. ಒಂದು ಸಲ ಚಳಿಗಾಲ ಅನ್ನುತ್ತಾರೆ, ಇನ್ನೊಂದು ಸಲ ಮಳೆ ಸುರಿಯುತ್ತಿತ್ತು ಅನ್ನುತ್ತಾರೆ. ಸುಳ್ಳಲ್ಲ, ಅಷ್ಟು ಆಘಾತ ಆದವರಿಗೆ ಹೀಗಾಗುತ್ತದೆ ಅಲ್ವಾ? ಆದರೆ ಅಧಿಕಾರಿಯೂ ಹಾಗೆ ನೋಡಬೇಕಲ್ಲ.

ನೆನಪಿಲ್ಲ ಅಂತ ನೇರವಾಗಿ ಹೇಳುವುದೇ ವಾಸಿನಾ? ದುಭಾಷಿ ಹೆಂಗಸೇ ಬೇಕು ಅಂತ ಕೇಳಬಹುದಾ? ಇಲ್ಲಿಯವರೆಗೆ ಮಗನೇ ದುಭಾಷಿ, ಅಮ್ಮನ ಕೆಲವು ಮಾತು ಅವನ ಕಿವಿಗೆ ಬೀಳಬಾರದು.

ಇದನ್ನು ದಾಟಿ ಬಂದವರು, ಇಂಥ ಕೇಸ್ ನಡೆಸಿದ ವಕೀಲರು ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ಧೈರ್ಯದ ಮಾತು ಬೇಡ, ಅದನ್ನು ನಾನೇ ಬೇಕಾದಷ್ಟು ಹೇಳಿಯಾಗಿದೆ.