‘ಎಲ್ ನೋರ್ತೆ’ ಕುರಿತ ಸ್ಪ್ಯಾನಿಷ್ ಪ್ರಬಂಧ: ಕಥೆ ಹೇಳುವುದರಲ್ಲೇ ಪದಗಳು ಮುಗಿದುಹೋಗುತ್ತಿವೆ

ಪ್ರಶ್ನೆ

ನಾನು ಬಿ1 (ಮಧ್ಯಮ) ಹಂತದ ಸ್ಪ್ಯಾನಿಷ್ ವಿದ್ಯಾರ್ಥಿ. ವಲಸಿಗರ ಬದುಕನ್ನು ಚಿತ್ರಿಸುವ ಚಲನಚಿತ್ರವೊಂದನ್ನು ನೋಡಿ 350 ಪದಗಳ ಪ್ರಬಂಧ ಬರೆಯಬೇಕಾಗಿದೆ. ಗ್ರೆಗರಿ ನಾವಾ ನಿರ್ದೇಶಿಸಿದ 1983ರ ‘ಎಲ್ ನೋರ್ತೆ’ಯನ್ನು ಆರಿಸಿಕೊಂಡೆ. ಗ್ವಾಟೆಮಾಲಾದ ಹಳ್ಳಿಯೊಂದರಲ್ಲಿ ಸೈನಿಕರು ತಂದೆಯನ್ನು ಕೊಂದು ತಾಯಿಯನ್ನು ಹಿಡಿದೊಯ್ದ ಮೇಲೆ, ರೋಸಾ ಮತ್ತು ಎನ್ರೀಕೆ ಎಂಬ ಮಾಯಾ ಜನಾಂಗದ ತಂಗಿ ಅಣ್ಣಂದಿರು ಮೆಕ್ಸಿಕೋ ಹಾದು, ಇಲಿಗಳು ತುಂಬಿದ ಚರಂಡಿ ಕೊಳವೆಯಲ್ಲಿ ತೆವಳಿ ಗಡಿ ದಾಟಿ, ಲಾಸ್ ಏಂಜಲೀಸ್ ಸೇರುತ್ತಾರೆ. ನನ್ನ ಮೊದಲ ಕರಡಿನಲ್ಲಿ 290 ಪದಗಳು ಇಷ್ಟನ್ನು ಹೇಳುವುದಕ್ಕೇ ಖರ್ಚಾದವು. ಉಳಿದದ್ದರಲ್ಲಿ ‘ವಲಸಿಗರ ಬದುಕು ಬಹಳ ಕಷ್ಟ’ ಎಂಬ ಒಂದೇ ಮಾತನ್ನು ಮೂರು ರೀತಿಯಲ್ಲಿ ಬರೆದಿದ್ದೇನೆ. ಇದರಿಂದ ಹೊರಬರುವುದು ಹೇಗೆ? ಜೊತೆಗೆ, ಕಥೆಯನ್ನು ಯಾವ ಕಾಲದಲ್ಲಿ ಹೇಳಬೇಕು? ಪ್ರೆತೇರಿತೊ (ಮುಗಿದ ಕ್ರಿಯೆಯ ಭೂತಕಾಲ) ಮತ್ತು ಇಂಪೆರ್ಫೆಕ್ತೊ (ನಡೆಯುತ್ತಿದ್ದ ಕ್ರಿಯೆ ಅಥವಾ ಸ್ಥಿತಿಯ ಭೂತಕಾಲ) ಇವೆರಡರ ನಡುವೆ ಪ್ರತಿ ವಾಕ್ಯದಲ್ಲೂ ಎಡವುತ್ತಿದ್ದೇನೆ.

ಮೊದಲ ಉತ್ತರ

ಅಧ್ಯಾಪಕರಿಗೆ ಕಥೆ ಗೊತ್ತಿರುತ್ತದೆ, ಆದ್ದರಿಂದ ಅದಕ್ಕೆ 60 ಪದಗಳಿಗಿಂತ ಹೆಚ್ಚು ಕೊಡಬೇಡಿ. ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು, 1995ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿದ್ದು ಮುಂತಾದ ವಿವರಗಳಿಂದ ಪೀಠಿಕೆಯನ್ನು ತುಂಬಿಸುವುದೂ ಬೇಡ.

ನನಗೆ ತೋರುವಂತೆ, ಸ್ಪ್ಯಾನಿಷ್ ತರಗತಿಗೆ ಹೇಳಿ ಮಾಡಿಸಿದ ವಿಷಯವೊಂದು ಈ ಚಿತ್ರದೊಳಗೇ ಇದೆ: ರೋಸಾ ಮತ್ತು ಎನ್ರೀಕೆ ಅವರಿಗೆ ಸ್ಪ್ಯಾನಿಷ್ ಮನೆಮಾತಲ್ಲ. ಹುಟ್ಟೂರಿನಲ್ಲಿ ಅವರ ಬಾಯಲ್ಲಿ ಮಾಯಾ ಭಾಷೆಯೂ ಇದೆ. ಮೆಕ್ಸಿಕೋದಲ್ಲಿ ತಾವು ಅಲ್ಲಿನ ವಾಹಾಕಾ ರಾಜ್ಯದವರೆಂದು ಸುಳ್ಳು ಹೇಳಿ, ಅಲ್ಲಿಯವರ ಬೈಗುಳವನ್ನು ಮಾತಿಗೆ ಬೆರೆಸಿ, ಸ್ಪ್ಯಾನಿಷನ್ನು ವೇಷದಂತೆ ತೊಡುತ್ತಾರೆ. ಲಾಸ್ ಏಂಜಲೀಸಿನಲ್ಲಿ ಇಂಗ್ಲಿಷ್ ತರಗತಿಯ ಬೆಂಚಿನ ಮೇಲೆ ಮತ್ತೆ ಮೊದಲಿನಿಂದ ಕೂರುತ್ತಾರೆ. ಯಾವ ಭಾಷೆ ಯಾವ ಜಾಗದಲ್ಲಿ ಅವರನ್ನು ಕಾಯುತ್ತದೆ, ಎಲ್ಲಿ ಅವರನ್ನು ಬಯಲಿಗೆಳೆಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ, ಬಟ್ಟೆ ಒಗೆಯುವ ಯಂತ್ರದ ದೃಶ್ಯವೂ ತಾನಾಗಿಯೇ ಪ್ರಬಂಧದೊಳಗೆ ಬರುತ್ತದೆ. ರೋಸಾ ಕೆಲಸಕ್ಕಿರುವ ಮನೆಯ ಒಡತಿ ಇಂಗ್ಲಿಷಿನಲ್ಲಿ ಯಂತ್ರದ ಗುಂಡಿಗಳನ್ನು ವಿವರಿಸುತ್ತಾಳೆ, ರೋಸಾ ತಲೆಯಾಡಿಸುತ್ತಾಳೆ, ಆಮೇಲೆ ಕೈಯಲ್ಲೇ ಒಗೆದು ಬಟ್ಟೆಗಳನ್ನು ಹುಲ್ಲುಹಾಸಿನ ಮೇಲೆ ಹರಡುತ್ತಾಳೆ. ಪ್ರೇಕ್ಷಕರು ನಗುವ ದೃಶ್ಯ ಅದು. ಆ ನಗು ಯಾರ ಮೇಲಿನದು ಎಂದು ನೀವು ಕೇಳಿದರೆ ಸಾಕು, ‘ಬಹಳ ಕಷ್ಟ’ ಎಂದು ಬರೆಯುವ ಅಗತ್ಯವೇ ಬರುವುದಿಲ್ಲ.

ಎರಡನೆಯ ಉತ್ತರ

ಕಾಲದ ಪ್ರಶ್ನೆಗೆ ಉತ್ತರಿಸುತ್ತೇನೆ. ಚಲನಚಿತ್ರದ ಕಥೆಯನ್ನು ವರ್ತಮಾನದಲ್ಲಿ ಹೇಳುವುದು ಸ್ಪ್ಯಾನಿಷಿನಲ್ಲಿ ಒಪ್ಪಿತವಾದ ರೂಢಿ. ಹಾಗೆ ಮಾಡಿದರೆ ನಿಮ್ಮ ಅರ್ಧ ತೊಂದರೆ ನೀಗುತ್ತದೆ. ಕಥೆಗೆ ಹಿನ್ನೆಲೆಯಾದ ಸಂಗತಿಗಳಿಗೆ ಮಾತ್ರ ಭೂತಕಾಲ ಬೇಕಾಗುತ್ತದೆ, ಮತ್ತು ಅಲ್ಲಿ ಇಂಗ್ಲಿಷಿನ ಮೂಲಕ ಯೋಚಿಸುವುದನ್ನು ಬಿಟ್ಟು ಕನ್ನಡವನ್ನೇ ನಂಬಿ. ‘ದುಡಿಯುತ್ತಿದ್ದರು’ ಎಂದಾದರೆ ‘ತ್ರಬಾಹಾಬಾನ್’, ‘ಹೊರಟರು’ ಎಂದಾದರೆ ‘ಸಾಲಿಯೆರೋನ್’. ಇಂಗ್ಲಿಷ್ ಕಲಿತವರನ್ನು ಗೋಳಾಡಿಸುವ ‘ಸಾಬಿಯಾ’ ಮತ್ತು ‘ಸುಪೋ’ಗಳ ಭೇದ ನಮಗೆ ‘ತಿಳಿದಿತ್ತು’ ಮತ್ತು ‘ತಿಳಿಯಿತು’ ಎಂಬಲ್ಲಿ ಮೊದಲೇ ಇದೆ. ‘ಮೆ ಗುಸ್ತಾ’ ಕೂಡ ‘ನನಗೆ ಇಷ್ಟ’ ಎಂಬುದರ ಅಚ್ಚಿನಲ್ಲೇ ಕೂರುತ್ತದೆ. ಕೈಕೊಡುವುದು ‘ಇದ್ದರು’ ಎಂಬ ಪದ ಮಾತ್ರ. ಅದು ಕನ್ನಡದಲ್ಲಿ ಸರಳ ಭೂತದಂತೆ ಕಂಡರೂ, ಸ್ಥಿತಿಯನ್ನು ವರ್ಣಿಸುವಾಗ ಸ್ಪ್ಯಾನಿಷಿನಲ್ಲಿ ಸಾಮಾನ್ಯವಾಗಿ ಇಂಪೆರ್ಫೆಕ್ತೊ ಆಗುತ್ತದೆ.

ಮೂರನೆಯ ಉತ್ತರ

ಹಿನ್ನೆಲೆಗೆ ಒಂದು ವಾಕ್ಯ ಇರಲಿ. ಗ್ವಾಟೆಮಾಲಾದ ಅಂತರ್ಯುದ್ಧ 1960ರಿಂದ 1996ರವರೆಗೆ ನಡೆಯಿತು. ವಿಶ್ವಸಂಸ್ಥೆಯ ಬೆಂಬಲ ಪಡೆದ ಸತ್ಯಶೋಧನಾ ಆಯೋಗವು 1999ರ ವರದಿಯಲ್ಲಿ ಸತ್ತವರು ಮತ್ತು ಕಾಣೆಯಾದವರ ಸಂಖ್ಯೆಯನ್ನು 2,00,000ಕ್ಕೂ ಹೆಚ್ಚೆಂದು ಅಂದಾಜಿಸಿತು, ಮತ್ತು ಪೂರ್ಣವಾಗಿ ಗುರುತಿಸಲಾದ ಬಲಿಪಶುಗಳಲ್ಲಿ ಶೇ. 83ರಷ್ಟು ಮಂದಿ ಮಾಯಾ ಜನರೆಂದು ಹೇಳಿತು. ಚಿತ್ರ ಬಂದದ್ದು ಆ ವರದಿಗಿಂತ 16 ವರ್ಷ ಮೊದಲು ಎಂಬುದನ್ನು ಮರೆತು, ನಿರ್ದೇಶಕರು ಅಂಕಿಗಳನ್ನು ಎದುರಿಗಿಟ್ಟುಕೊಂಡು ಚಿತ್ರಿಸಿದರೆಂಬಂತೆ ಬರೆಯಬೇಡಿ.

ಪದಗಳ ವಿಷಯದಲ್ಲಿ, ವ್ಯಕ್ತಿಗಳಿಗೆ ‘ಇಲೆಗಾಲ್’ (ಅಕ್ರಮ) ಎನ್ನುವ ಬದಲು ‘ಇಂದೋಕುಮೆಂತಾದೊ’ (ದಾಖಲೆಗಳಿಲ್ಲದ) ಎಂದು ಬಳಸಿ. ‘ಲಾ ಹೆಂತೆ’ (ಜನ) ಏಕವಚನ, ‘ಎಲ್ ತೇಮಾ’ (ವಿಷಯ) ಪುಲ್ಲಿಂಗ. ಇವೆರಡರಲ್ಲಿ ಅಂಕ ಕಳೆದುಕೊಳ್ಳದವರನ್ನು ನಾನಿನ್ನೂ ಕಂಡಿಲ್ಲ. ‘ಅರಿತುಕೊಂಡಳು’ ಎನ್ನಲು ‘ರೆಯಾಲಿಸಾರ್’ ಬಳಸಬೇಡಿ, ಅದು ‘ನೆರವೇರಿಸು’ ಎಂದಾಗುತ್ತದೆ; ‘ದಾರ್ಸೆ ಕ್ವೆಂತಾ’ ಸರಿಯಾದ ಪ್ರಯೋಗ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಭಾಷೆಯ ವಿಷಯವನ್ನೇ ಹಿಡಿದು, ವರ್ತಮಾನ ಕಾಲದಲ್ಲಿ ಮತ್ತೆ ಬರೆಯುತ್ತಿದ್ದೇನೆ. ಕಥೆ 55 ಪದಗಳಿಗೆ ಇಳಿದಿದೆ. ಎರಡನೆಯ ಪ್ಯಾರಾದ ಮೊದಲ ವಾಕ್ಯ ಹೀಗಿದೆ: ‘ಎನ್ ಮೆಹಿಕೊ ಆಬ್ಲಾನ್ ಎಸ್ಪಾನ್ಯೋಲ್ ಪಾರಾ ಕೆ ನಾದಿಯೆ ಸಾಬೆ ದೆ ದೋಂದೆ ಸೋನ್.’ ‘ತಾವು ಎಲ್ಲಿಯವರೆಂದು ಯಾರಿಗೂ ತಿಳಿಯದಿರಲೆಂದು ಮೆಕ್ಸಿಕೋದಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ’ ಎಂದು ಹೇಳಬೇಕಿತ್ತು. ಸರಿಯಿದೆಯೇ?

ಎರಡನೆಯ ಉತ್ತರದವರು

ಒಂದೇ ತಪ್ಪು. ‘ಪಾರಾ ಕೆ’ ಬಂದಮೇಲೆ ‘ಸಾಬೆ’ ನಿಲ್ಲದು, ‘ಸೇಪಾ’ ಆಗಬೇಕು. ನೀವು ಹೇಳಹೊರಟಿರುವುದು ‘ಯಾರಿಗೂ ತಿಳಿಯುವುದಿಲ್ಲ’ ಎಂದಲ್ಲ, ‘ಯಾರಿಗೂ ತಿಳಿಯದಿರಲಿ ಎಂದು’. ಆ ‘ಇರಲಿ’ಯ ಜಾಗದಲ್ಲಿ ಸ್ಪ್ಯಾನಿಷ್ ಸುಬ್ಹುಂತೀವೊ (ಆಶಯ, ಉದ್ದೇಶಗಳನ್ನು ಸೂಚಿಸುವ ಕ್ರಿಯಾರೂಪ) ಬೇಡುತ್ತದೆ.