ಕೊಲೆಸ್ಟ್ರಾಲ್ ಗುಳಿಗಿ ಶುರುವಾದ ಮ್ಯಾಲೆ ಮರವು: ಗುಳಿಗೀದೋ, ಬ್ಯಾರೇದೋ?

ಬೆಟಗೇರಿ_ಗದಗ
ಹೆಣ್ಣುಮಗಳು, ವಯಸ್ಸು 67. ಸಕ್ಕರೆ ಕಾಯಿಲಿಗೆ ಮೆಟ್‌ಫಾರ್ಮಿನ್ ಎಂಟು ವರ್ಷದಿಂದ, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ 20 ಎಂ.ಜಿ. ಎರಡು ತಿಂಗಳಿಂದ. ಈಗೊಂದು ತಿಂಗಳಿಂದ ಮರವು ಎದ್ದು ಕಾಣತೈತಿ. ಸಂತ್ಯಾಗ ಬದನಿಕಾಯಿ ರೊಕ್ಕ ಕೊಟ್ಟು, ಅಲ್ಲೇ ನಿಂತು ಮತ್ತ ಕೊಡಾಕ ಹೋಗತಾರ. ಹಾರ್ಟ್ ಅಟ್ಯಾಕ್, ಸ್ಟೆಂಟ್ ಯಾವುದೂ ಇಲ್ಲ. ಗುಳಿಗಿ ಬಿಟ್ಟು ನೋಡಬಹುದೇನ್ರಿ?

ಕೇಶ್ವಾಪುರ_67
ನೀವಾಗೇ ಬಿಡಬ್ಯಾಡ್ರಿ, ಆದ್ರ ಅನುಮಾನ ತಪ್ಪಲ್ಲ. ಅಟೋರ್ವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಗುಳಿಗಿಗೆ ಸ್ಟಾಟಿನ್ ಅಂತಾರ. 2012ರಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸ್ಟಾಟಿನ್ ಲೇಬಲ್‌ನ್ಯಾಗ ಮರವು, ಗೊಂದಲ ಸೇರಿಸಿತು. ಶುರುವಾಗೂದು ಮರುದಿನಾನೂ ಆಗಬಹುದು, ವರ್ಷಗಟ್ಟಲೆ ತಡಾನೂ ಆಗಬಹುದು. ಬಿಟ್ಟರ ಸಾಮಾನ್ಯವಾಗಿ ಮೂರು ವಾರದ ಆಸುಪಾಸಿನ್ಯಾಗ ಇಳೀತೈತಿ. ಆದ್ರ ಅವೆಲ್ಲ ಬಿಡಿ ಬಿಡಿ ವರದಿ. 70ರಿಂದ 82 ವಯಸ್ಸಿನವರಿಗೆ ಪ್ರವಾಸ್ಟಾಟಿನ್ ಅನ್ನೂ ಇನ್ನೊಂದು ಸ್ಟಾಟಿನ್ ಕೊಟ್ಟ ದೊಡ್ಡ ಪ್ರಯೋಗದಾಗ, ಡಮ್ಮಿ ಗುಳಿಗಿ ನುಂಗಿದವರಿಗೂ ಇವರಿಗೂ ನೆನಪಿನ ಪರೀಕ್ಷೆಯೊಳಗ ಫರಕು ಕಾಣಲಿಲ್ಲ.

ಹಂಗಾಗಿ ನನಗ ಮೊದಲ ಸಂಶಯ ಮೆಟ್‌ಫಾರ್ಮಿನ್ ಮ್ಯಾಲೆ. ವರ್ಷಗಟ್ಟಲೆ ತಗೊಂಡ್ರ ಬಿ12 ಹೀರಿಕೊಳ್ಳೂದು ಕಡಿಮಿ ಆಗತೈತಿ. ಬರೇ ಕಾಳು-ರೊಟ್ಟಿ ಊಟದವರಿಗೆ ಈ ಕೊರತಿ ಇನ್ನೂ ಜಾಸ್ತಿ. ರಕ್ತ ಪರೀಕ್ಷೆಯೊಳಗ ಬಿ12 ಜೋಡಿ ಥೈರಾಯ್ಡ್‌ನ ಟಿಎಸ್‌ಎಚ್ ಸಹ ಮಾಡಸ್ರಿ. ಥೈರಾಯ್ಡ್ ಮಂದ ಆದ್ರ ಕೊಲೆಸ್ಟ್ರಾಲೂ ಏರತೈತಿ, ಬುದ್ಧೀನೂ ಮಂಕಾಗತೈತಿ. ಅದನ್ನ ನೋಡದ ಸ್ಟಾಟಿನ್ ಬರೆಯೋದು ಭಾಳ ಕಡೆ ಆಗೂ ತಪ್ಪು.

ಔಷಧಿ_ಕಪಾಟು, ಹಾವೇರಿ
ಮನ್ಯಾಗಿನ ಎಲ್ಲಾ ಸ್ಟ್ರಿಪ್ ಒಂದು ಚೀಲಕ್ಕ ಹಾಕಿ ಡಾಕ್ಟರ್ ಮುಂದ ಸುರೀರಿ. ಬ್ರ್ಯಾಂಡ್ ಹೆಸರು ನೋಡಬ್ಯಾಡ್ರಿ, ಕೆಳಗ ಸಣ್ಣ ಅಕ್ಷರದಾಗ ಇರೂ ಸಾಲ್ಟ್, ಅಂದ್ರ ಒಳಗಿನ ಔಷಧದ ಹೆಸರು, ಓದ್ರಿ: ಎರಡು ಡಾಕ್ಟರ್ ಬರದ್ರ ಅಟೋರ್ವಾಸ್ಟಾಟಿನ್ ಎರಡು ಹೆಸರಿನ್ಯಾಗ ಹೊಟ್ಟಿ ಸೇರಿರತೈತಿ. ಕ್ಲಾರಿಥ್ರೋಮೈಸಿನ್ ಅನ್ನೂ ಆ್ಯಂಟಿಬಯೋಟಿಕ್ ಜೋಡಿ ತಗೊಂಡ್ರ ರಕ್ತದಾಗ ಸ್ಟಾಟಿನ್ ಮಟ್ಟ ಏರತೈತಿ. ನಿದ್ದೀಗೆ ಅಂತ ಅಮಿಟ್ರಿಪ್ಟಿಲಿನ್, ನೆಗಡೀಗೆ ಕ್ಲೋರ್‌ಫೆನಿರಮಿನ್ ಇದ್ರ, ವಯಸ್ಸಾದವರ ಮರವಿಗೆ ಅವೇ ಸಾಕು. ಸಕ್ಕರೆ ಇಳಿಸೂ ಗ್ಲಿಮೆಪಿರೈಡ್ ಗುಳಿಗೀನೂ ಐತೇನು? ಊಟ ತಡ ಆದ ದಿನಾನ ಗೊಂದಲ ಅಂದ್ರ ಅಲ್ಲೇ ಗ್ಲುಕೋಮೀಟರ್ ಹಿಡೀರಿ. 70 ಎಂ.ಜಿ./ಡಿ.ಎಲ್.ಗಿಂತ ಕಡಿಮಿ ಇದ್ರ ಅದು ಸಕ್ಕರೆ ಇಳಿದದ್ದು.

ಕೇಶ್ವಾಪುರ_67
ಇವೆಲ್ಲ ಸರಿ ಇದ್ರ ಡಾಕ್ಟರ್ ಒಪ್ಪಿಗಿಯಿಂದ ನಾಲ್ಕರಿಂದ ಆರು ವಾರ ಅಟೋರ್ವಾಸ್ಟಾಟಿನ್ ನಿಲ್ಲಿಸಿ ನೋಡಬಹುದು. ಸ್ಟೆಂಟ್ ಇಲ್ಲದ್ದಕ್ಕ ಈ ಮಾತು. ನಿಲ್ಲಿಸೂಕಿಂತ ಮೊದಲ ಎರಡು ವಾರ, ಆಮ್ಯಾಲೆ ದಿನಾ, ಕ್ಯಾಲೆಂಡರ್ ಮ್ಯಾಲೆ ಮರವಿನ ಲೆಕ್ಕ ಬರೀರಿ. ಅಂದಾಜಿನ ಮ್ಯಾಲೆ ಹೋದ್ರ, 'ಬಿಟ್ಟೀವಿ, ಚಲೋ ಆಗಲೇಬೇಕು' ಅನ್ನೂ ನಂಬಿಕೀನ ಗೆಲ್ಲತೈತಿ. ಮರವು ಇಳಿದ್ರ ರೋಸುವಾಸ್ಟಾಟಿನ್ 5 ಅಥವಾ 10 ಎಂ.ಜಿ. ಕೇಳ್ರಿ, ಅದು ನೀರಿನ್ಯಾಗ ಕರಗೂ ಜಾತಿ, ಮಿದುಳಿನೊಳಗ ಕಡಿಮಿ ಹೋಗತೈತಿ. ಇಳೀಲಿಲ್ಲ ಅಂದ್ರ ಗುಳಿಗಿ ವಾಪಸ್ ಶುರು, ಧಾರವಾಡದ ಮನೋರೋಗ-ನರರೋಗ ಆಸ್ಪತ್ರಿ ಡಿಮ್ಹಾನ್ಸ್‌ಗೆ ತೋರಸ್ರಿ. ಮಾತು ತೊದಲೂದು, ಬಾಯಿ ಸೊಟ್ಟ ಆಗೂದು ಕಂಡ್ರ ಕ್ಯಾಲೆಂಡರ್ ಬಿಟ್ಟು ಆ ಕ್ಷಣಾನ ಆಸ್ಪತ್ರಿ.